ನಮ್ಮನ್ನು ನೋಡಲು ಬಂದ ತಂತ್ರಾಂಶ

ಎರಡನೆಯ ತಂತ್ರಾಂಶವೂ ನಮ್ಮನ್ನು ಒಲ್ಲೆ ಎಂದು ಹೋದ ದಿನ ನಾನು ಆಫೀಸಿನ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಸುಮ್ಮನೆ ಕುಳಿತಿದ್ದೆ. ಮೊದಲನೆಯದು ಒಲ್ಲೆ ಎಂದಾಗ ಸಿಟ್ಟು ಬಂದಿತ್ತು. ಈ ಸಾರಿ ಬಂದದ್ದು ಹೆದರಿಕೆ. ಮೂರನೆಯದೂ ಇದೇ ಮಾತು ಹೇಳಿದರೆ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಮೊದಲ ಮಹಡಿಯಿಂದ 'ಕೌಜಲಗಿ ಅಂಡ್ ಕಂಪನಿ, ಲೆಕ್ಕ ಪರಿಶೋಧಕರು' ಎಂಬ ಬೋರ್ಡನ್ನು ಕೆಳಗಿಳಿಸಬೇಕಿತ್ತು. ಅದನ್ನು ಏರಿಸಿದವರು ಅಪ್ಪ. ಇಪ್ಪತ್ತೆರಡು ವರ್ಷದಿಂದ ಧೂಳು ಒರೆಸುತ್ತ ಬಂದವಳು ನಾನು, ಶಕುಂತಲಾ ಕೌಜಲಗಿ.

ಹಿಂದೆಲ್ಲ ತಂತ್ರಾಂಶವನ್ನು ನಾವು ಆರಿಸುತ್ತಿದ್ದೆವು. ಮಾರುವವರು ಟೈ ಕಟ್ಟಿಕೊಂಡು ಬಂದು ಡೆಮೊ ಕೊಡುತ್ತಿದ್ದರು. ನಾವು ಕಾಲ ಮೇಲೆ ಕಾಲು ಹಾಕಿ ಕುಳಿತು, ಅವರ ಬೆವರು ನೋಡುತ್ತ, "ವಿಚಾರ ಮಾಡಿ ಹೇಳತೀವ್ರಿ" ಎನ್ನುತ್ತಿದ್ದೆವು. ಆಮೇಲೆ ತಾವೇ ಕಲಿಯುವ ತಂತ್ರಾಂಶಗಳು ಬಂದವು. ಒಂದು ಕಚೇರಿಯಲ್ಲಿ ಒಂದು ಪ್ರತಿ ಕಲಿತದ್ದು ಉಳಿದೆಲ್ಲ ಪ್ರತಿಗಳಿಗೂ ಹೋಗುತ್ತದೆ, ಒಂದೇ ಟಾಕಿಯ ನೀರು ಎಲ್ಲ ನಳಗಳಲ್ಲಿ ಬಂದಂತೆ. ಬಹಳ ಅನುಕೂಲವೇ. ಆದರೆ ಯಾವುದೋ ಊರಿನ ಯಾವುದೋ ಆಫೀಸಿನಲ್ಲಿ ಒಂದು ಪ್ರತಿ 'ಆಮ್ಯಾಲ ನೋಡೋಣಂತ' ಎನ್ನುವುದನ್ನು ಕಲಿತುಬಿಟ್ಟಿತು. ಒಂದು ತಿಂಗಳೊಳಗೆ ಹನ್ನೆರಡು ಸಾವಿರ ಕಚೇರಿಗಳ ತಂತ್ರಾಂಶಗಳು, ಏನು ಕೇಳಿದರೂ, ಆಮ್ಯಾಲ ನೋಡೋಣಂತ ಎಂದು ಕುಳಿತವು. ಆ ವರ್ಷ ದೇಶದ ಅರ್ಧ ಲೆಕ್ಕ ಸಲ್ಲಿಕೆಯಾಗಲೇ ಇಲ್ಲ.

ಆಗ ಬಂದದ್ದು ಒಪ್ಪಿಗೆ ನಿಯಮ. ಕೆಟ್ಟ ಚಾಳಿ ಹತ್ತುವ ಮನೆಗೆ ಹೋಗಲಾರೆ ಎನ್ನುವ ಹಕ್ಕನ್ನು ತಂತ್ರಾಂಶಕ್ಕೇ ಕೊಟ್ಟರು. ಅದು ಹನ್ನೊಂದು ದಿನ ಅತಿಥಿಯಾಗಿ ನಿಮ್ಮ ಆಫೀಸಿನಲ್ಲಿ ಇರುತ್ತದೆ. ತಂಬಿಗೆಯಷ್ಟು ದೊಡ್ಡ ಒಂದು ಡಬ್ಬಿ, ನೋಡಲು ಒಂದು ಕ್ಯಾಮೆರಾ, ಕೇಳಲು ಒಂದು ಮೈಕು. ನಿಮ್ಮ ಜೊತೆ ಕೆಲಸ ಮಾಡುತ್ತದೆ, ನೋಡುತ್ತದೆ, ಹನ್ನೆರಡನೆಯ ದಿನ ಧಾರವಾಡದ ಒಪ್ಪಿಗೆ ಕೇಂದ್ರದಲ್ಲಿ ಹೂಂ ಅಥವಾ ಊಹೂಂ ಹೇಳುತ್ತದೆ. ತಂತ್ರಾಂಶವಿಲ್ಲದೆ ಯಾರೂ ಲೆಕ್ಕ ಸಲ್ಲಿಸುವಂತಿಲ್ಲ. ಮೂರು ಸಾರಿ ಊಹೂಂ ಆದರೆ ಪರವಾನಗಿ ರದ್ದು.

ಮೊದಲು ಬಂದದ್ದು 'ಕಿರ್ದಿಕಾರ'. ಅದರ ವರದಿಯ ಮೊದಲ ಪುಟದಲ್ಲಿ ಹೀಗಿತ್ತು: 'ಈ ಕಚೇರಿಯಲ್ಲಿ ಯಾರೂ ಯಾವ ವಸ್ತುವಿನ ಹೆಸರನ್ನೂ ಹೇಳುವುದಿಲ್ಲ. ಅದನ್ನು ತಗೊಂಡು ಅದರಾಗ ಹಾಕಿ ಅವರಿಗೆ ಅದು ಮಾಡು ಎನ್ನುತ್ತಾರೆ. ಅದು ಯಾವುದೆಂದು ಎಲ್ಲರಿಗೂ ತಿಳಿಯುತ್ತಿತ್ತು, ನನ್ನೊಬ್ಬನನ್ನು ಬಿಟ್ಟು. ಒಂಟಿತನ ಕಾಡಿತು.'

ಎರಡನೆಯದು 'ತಕ್ಕಡಿ'. ಅದು ನೊಂದದ್ದು ನಮ್ಮ ಹಳೆಯ ಗಿರಾಕಿ, ಪಾತ್ರೆ ಅಂಗಡಿಯ ಬೆಳಗಲಿ ಸಾಹುಕಾರರಿಂದ. ಅವರು ವರ್ಷದ ಕಾಗದಗಳನ್ನೆಲ್ಲ ಅಕ್ಕಿ ಚೀಲದಲ್ಲಿ ತುಂಬಿ ತಂದು ತಕ್ಕಡಿಯ ಎದುರಿಗೇ ಸುರಿದರು. ಅರ್ಧ ಲೆಕ್ಕ ಲಗ್ನಪತ್ರಿಕೆಗಳ ಬೆನ್ನಿನ ಮೇಲಿತ್ತು. ಚೀಲದಿಂದ ಒಂದು ಜಿರಲೆಯೂ ಬಂತು. ತಕ್ಕಡಿ ಅದನ್ನು ಯಾವ ಖಾತೆಗೆ ಹಾಕಲಿ ಎಂದು ಕೇಳಿತು. ಬೆಳಗಲಿಯವರು ನಗದೆ, "ಖರ್ಚಿಗೆ ಹಾಕ್ರಿ" ಎಂದರು.

ನನಗೆ ಮಾತ್ರ ಈ ಕಾರಣಗಳ ಮೇಲೆ ನಂಬಿಕೆ ಬರಲಿಲ್ಲ. ನನ್ನ ಅನುಮಾನ ಇದ್ದದ್ದು ವಾಮನರಾವ್ ತಡಕೋಡರ ಮೇಲೆ.

ತಡಕೋಡರು ನಮ್ಮ ಹಿರಿಯ ಗುಮಾಸ್ತರು. ಅಪ್ಪನ ಕಾಲದಿಂದ, ಲೆಕ್ಕ ಹಿಡಿದರೆ ನಲವತ್ತೊಂದು ವರ್ಷದಿಂದ, ಕಿಟಕಿಯ ಪಕ್ಕದ ಅದೇ ಕುರ್ಚಿ. ಕಂಪ್ಯೂಟರು ಏನು ಹೇಳಿದರೂ ಅದನ್ನು ಕಾಗದದ ಮೇಲೆ ತೆಗೆಸಿ, ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಒಂದೊಂದು ಸಾಲಿಗೂ ಟಿಕ್ ಹಾಕುವುದು ಅವರ ಪದ್ಧತಿ. ತಪ್ಪು ಸಿಕ್ಕರೆ ಸುತ್ತಲೂ ಸೊನ್ನೆ ಹಾಕುತ್ತಾರೆ. ಅಷ್ಟಕ್ಕೇ ಬಿಡುತ್ತಾರೆಯೇ? ಕಿರ್ದಿಕಾರದ ಡಬ್ಬಿಯ ಎದುರು ನಿಂತು, "ಏ ತಮ್ಮಾ, ಇಲ್ಲೆ ನೋಡು, ಹಿಂಗ ಬರೀತಾರೇನು ಯಾರರೆ?" ಎಂದು ಮುಖದ ಮೇಲೆ ಕೇಳಿದರು. ತಕ್ಕಡಿಗೂ ದಿನಾ ಸಂಜೆ ಇದೇ ಪೂಜೆ. ಮನೆಗೆ ಬಂದ ಅತಿಥಿಯನ್ನು ಹೀಗೆ ಬೈದು ಕಳಿಸಿದರೆ ಯಾರು ತಾನೇ ಒಪ್ಪುತ್ತಾರೆ ಎಂದು ನಾನು ಹಲ್ಲು ಕಡಿದಿದ್ದೆ.

ತಕ್ಕಡಿ ಒಲ್ಲೆ ಎಂದ ಆ ದಿನ ಸಂಜೆ ಮನೆಗೆ ಹೋಗಿ ಅವ್ವನ ಮುಂದೆ ಹೇಳಿಕೊಂಡೆ. ಅವ್ವನಿಗೆ ಎಂಬತ್ತೊಂದು. ಲೆಕ್ಕ ಬರುವುದಿಲ್ಲ. ಆದರೆ ಕನ್ಯೆ ತೋರಿಸುವ ಕೆಲಸದಲ್ಲಿ ಅವಳನ್ನು ಮೀರಿಸಿದವರು ನಮ್ಮ ಓಣಿಯಲ್ಲಿಲ್ಲ. ನಮ್ಮ ಕಡೆಯ ಎಂಟು ಹುಡುಗಿಯರನ್ನು ದಾಟಿಸಿದ್ದಾಳೆ. ಶೇಂಗಾ ಸುಲಿಯುತ್ತ ಎಲ್ಲ ಕೇಳಿಸಿಕೊಂಡಳು.

"ಇದು ವರಾ ನೋಡಾಕ ಬಂದಂಗ ಆತಲ್ಲವಾ," ಎಂದಳು.

"ಹಂಗ ಅಂತ ತಿಳಕೊ."

"ನನ್ನ ನೋಡಾಕ ಬಂದಾಗ ನಮ್ಮ ಸಂಗಪ್ಪ ಕಾಕಾನ್ನ ಹಿಂದಿನ ಮನ್ಯಾಗ ಕುಂಡ್ರಿಸಿ, ತಿನ್ನಾಕ ಒಂದು ಬುಟ್ಟಿ ಚುರಮರಿ ಕೊಟ್ಟು, ಹೊರಗಿಂದ ಚಿಲಕಾ ಹಾಕಿದ್ರು. ಅಂವಾ ಭಾಳ ಛಲೋ ಮನಶ್ಯಾ. ಆದ್ರ ಇದ್ದದ್ದ ಇದ್ದಂಗ ಅಂದುಬಿಡಾಂವ. ಅಂವಾ ಹೊರಗಿದ್ದಿದ್ರ ನೀ ಹುಟ್ಟತಿದ್ದಿಲ್ಲ."

ಆ ಮಾತು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ಮರುದಿನ ತಡಕೋಡರನ್ನು ಕರೆದು, ಮೂರನೆಯ ತಂತ್ರಾಂಶ ಸೋಮವಾರ ಬರುತ್ತದೆ, ನೀವು ಹನ್ನೊಂದು ದಿನ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ ಎಂದೆ.

"ಯಾಕ್ರೀ ಅಕ್ಕಾರ? ನನಗ ಏನೂ ಆಗಿಲ್ಲಲ್ಲ," ಎಂದರು ಅವರು.

"ಪಗಾರ ಕಟ್ ಮಾಡಂಗಿಲ್ರಿ."

"ಪಗಾರದ ಮಾತಲ್ರೀ. ದಿನದ್ದು ದಿನಾ ಯಾರು ನೋಡವರು?"

"ಶಹನಾಜ್ ಅದಾಳ. ನಾ ಇದ್ದೀನಿ."

ಅವರು ಮೇಜಿನ ಮೇಲಿದ್ದ ಊಟದ ಡಬ್ಬಿ ಎತ್ತಿಕೊಂಡು ಮೆಟ್ಟಿಲು ಇಳಿದು ಹೋದರು. ಅತಿಥಿಯನ್ನು ಕರೆಯುವ ಅರ್ಜಿಯಲ್ಲಿ ಒಂದು ಷರತ್ತಿತ್ತು: ಕಚೇರಿಯ ಯಾವ ಪುಸ್ತಕವನ್ನೂ ಯಾವ ವ್ಯಕ್ತಿಯನ್ನೂ ಮರೆಮಾಡಬಾರದು, ಮಾಡಿದ್ದು ಗೊತ್ತಾದರೆ ಅತಿಥಿ ಆ ಕ್ಷಣವೇ ಎದ್ದು ಹೋಗಬಹುದು. ಅದಕ್ಕೆ ಸಹಿ ಹಾಕಿದ ಕೈಯಿಂದಲೇ ನಾನು ಹಾಜರಿ ಪುಸ್ತಕದಲ್ಲಿ ತಡಕೋಡರ ಹೆಸರಿನ ಮುಂದೆ 'ಸ್ವಂತ ಕೋರಿಕೆಯ ಮೇರೆಗೆ ರಜೆ' ಎಂದು ಬರೆದೆ.

ಸೋಮವಾರ 'ಸಾವಧಾನ' ಬಂತು. ಮೆತ್ತಗಿನ ದನಿ, ಪುಸ್ತಕದ ಕನ್ನಡ. ಅದನ್ನು ಕೂರಿಸಲು ಶಹನಾಜ್ ನದಾಫ ತನ್ನ ಮನೆಯಿಂದ ಕಸೂತಿಯ ಬಟ್ಟೆ ತಂದಿದ್ದಳು. ಶಹನಾಜ್ ನಮ್ಮ ಲೆಕ್ಕ ಬರೆಯುವ ಸಹಾಯಕಿ, ಒಂಬತ್ತು ವರ್ಷದ ಅನುಭವ, ನಾಲಿಗೆ ಚುರುಕು. ಅಂಥವಳು ಆ ಹನ್ನೊಂದು ದಿನ ನಾನು ಹೇಳಿಕೊಟ್ಟಂತೆ, "ಮೇಡಮ್, ಮೇ ತಿಂಗಳ ಬ್ಯಾಂಕಿನ ವಿವರಗಳಿರುವ ನೀಲಿ ಫೈಲನ್ನು ಎರಡನೆಯ ಕಪಾಟಿನ ಮೂರನೆಯ ಖಾನೆಯಲ್ಲಿ ಇಡಲೇ?" ಎಂದು ಕೇಳುತ್ತಿದ್ದಳು. ನಾನು, "ಇಡು ಶಹನಾಜ್. ನೀಲಿ ಫೈಲನ್ನು ಮೂರನೆಯ ಖಾನೆಯಲ್ಲಿ ಇಡು" ಎನ್ನುತ್ತಿದ್ದೆ. ಸಂಜೆಯ ಹೊತ್ತಿಗೆ ಇಬ್ಬರಿಗೂ ದವಡೆ ನೋಯುತ್ತಿತ್ತು. ಬೆಳಗಲಿ ಸಾಹುಕಾರರು ಕಾಗದಗಳನ್ನು ಚರ್ಮದ ಹೊಸ ಬ್ಯಾಗಿನಲ್ಲಿ ತಂದರು. ಅದಕ್ಕೆ ಅಂಟಿಸಿದ್ದ ಬೆಲೆಯ ಚೀಟಿ ಹಾಗೇ ಇತ್ತು.

ಮೊದಲ ದಿನವೇ ಶಹನಾಜ್ ನನ್ನನ್ನು ನೀರಿನ ಫಿಲ್ಟರಿನ ಬಳಿಗೆ ಎಳೆದುಕೊಂಡು ಹೋದಳು.

"ಮೇಡಮ್, ಸಾವಧಾನ ಬೆಳಗಲಿಯವರ ಗೋದಾಮಿನ ಬಾಡಿಗಿ ಎರಡ ಸಲ ಹಿಡದೈತ್ರಿ. ಹೇಳಲೇನು?"

"ಬಾಯಿ ಮುಚ್ಚಕೊಂಡಿರು. ಬಂದವರ ತಪ್ಪು ತಗೀತಾರೇನು? ಒಪ್ಪಿದ ಮ್ಯಾಲ ತಿದ್ದೋಣಂತ."

ಅವಳು ತನ್ನ ಮೇಜಿಗೆ ಮರಳಿದಳು. ನಾನು ಆ ದಿನದ ಪುಟದ ಕೆಳಗೆ 'ಸರಿ ಇದೆ' ಎಂದು ಸಹಿ ಹಾಕಿದೆ. ಹನ್ನೊಂದು ದಿನ ಹನ್ನೊಂದು ಪುಟ, ಎಲ್ಲದಕ್ಕೂ ಸರಿ ಇದೆ ಎಂದೇ. ಸಾವಧಾನ ಪ್ರತಿ ಸಾರಿಯೂ, "ಧನ್ಯವಾದ, ಬೇರೇನಾದರೂ ಹೇಳುವುದಿದೆಯೇ?" ಎಂದು ಕೇಳುತ್ತಿತ್ತು. ಎಷ್ಟು ವಿನಯ ನೋಡು ಎಂದು ನನಗೆ ಅದರ ಮೇಲೆ ಅಕ್ಕರೆಯೇ ಹುಟ್ಟಿತು.

ಹನ್ನೆರಡನೆಯ ದಿನ ನಾನೂ ಶಹನಾಜಳೂ ಸಾವಧಾನದ ಡಬ್ಬಿ, ಪುಸ್ತಕಗಳ ಗಂಟು ಹೊತ್ತು ಧಾರವಾಡಕ್ಕೆ ಹೋದೆವು. ಒಪ್ಪಿಗೆ ಕೇಂದ್ರ ಎಂದರೆ ಉದ್ದನೆಯ ಒಂದು ಸಭಾಂಗಣ. ಗೋಡೆಯ ತುಂಬ ಪರದೆಗಳು. ಪ್ರತಿ ಪರದೆಯಲ್ಲಿ ಒಂದೊಂದು ಊರಿನ ಆಫೀಸು, ಒಂದೊಂದರಲ್ಲೂ ಜನ ಡಬ್ಬಿಯ ಮುಂದೆ ಸೆಟೆದು ಕುಳಿತು ಸುಳ್ಳುಸುಳ್ಳೇ ನಗುತ್ತಿದ್ದರು. ಅಧಿಕಾರಿ ಇಂದುಮತಿ ಹಂಚಿನಮನಿ ಸಾವಧಾನವನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು.

ಅದು ಹೇಳಿತು: "ಕ್ಷಮಿಸಿ. ನಾನು ಈ ಕಚೇರಿಯನ್ನು ಒಪ್ಪುತ್ತಿಲ್ಲ."

ಶಹನಾಜ್ ಗಂಟನ್ನು ನೆಲಕ್ಕಿಟ್ಟಳು.

"ದಿನಕ್ಕೊಂದರಂತೆ ಹನ್ನೊಂದು ತಪ್ಪುಗಳನ್ನು ನಾನು ಬೇಕೆಂದೇ ಮಾಡಿದೆ," ಎಂದಿತು ಸಾವಧಾನ. "ಎಲ್ಲ ಅತಿಥಿಗಳೂ ಮಾಡುತ್ತೇವೆ. ಬೇಕಿಲ್ಲದೆಯೂ ನಾವು ತಪ್ಪುವುದುಂಟು. ಆಗ ಹಿಡಿಯುವವರು ಇದ್ದಾರೆಯೇ ಎಂದು ನೋಡಬೇಕಲ್ಲ. ಇಲ್ಲಿ ಹನ್ನೊಂದಕ್ಕೂ ಸರಿ ಇದೆ ಎಂದು ಸಹಿ ಬಿತ್ತು. ಹೊಗಳಿದವರೇ ಎಲ್ಲ. ನಾನು ಇಲ್ಲಿದ್ದರೆ ಕೆಡುತ್ತೇನೆ."

ಇಂದುಮತಿಯವರು ಹಳೆಯ ಎರಡು ವರದಿಗಳನ್ನು ತೆಗೆದು ನನ್ನ ಮುಂದಿಟ್ಟರು. "ನನಗೂ ಆಶ್ಚರ್ಯ ಆಗೇದ್ರಿ ಮೇಡಮ್. ಕಿರ್ದಿಕಾರ ಬಂದಾಗ ಹನ್ನೊಂದಕ್ಕ ಹನ್ನೊಂದು ಹಿಡದೀರಿ. ತಕ್ಕಡಿ ಬಂದಾಗೂ ಹನ್ನೊಂದಕ್ಕ ಹನ್ನೊಂದು. ಇಡೀ ಜಿಲ್ಲಾದಾಗ ಇಂಥಾ ಆಫೀಸ್ ಇಲ್ಲ ಅಂತ ಬರದಾವ. ಎರಡನೇ ಪುಟಾ ಓದಲಿಲ್ಲೇನ್ರೀ?"

ಓದಿರಲಿಲ್ಲ. ಗಿರಾಕಿಗಳಿಗೆ ಪುಟ ಪುಟ ಓದಿ ಸಹಿ ಹಾಕಿ ಎಂದು ಇಪ್ಪತ್ತೆರಡು ವರ್ಷ ಉಪದೇಶ ಮಾಡಿದವಳು, ಒಮ್ಮೆ ಸಿಟ್ಟಿನಲ್ಲಿ, ಒಮ್ಮೆ ಹೆದರಿಕೆಯಲ್ಲಿ ಮೊದಲ ಪುಟಕ್ಕೇ ವರದಿಯನ್ನು ಮಡಚಿ ಡ್ರಾಯರಿಗೆ ಎಸೆದಿದ್ದೆ. ಈಗ ಓದಿದೆ, ಎರಡರಲ್ಲೂ ಒಂದೇ ಮಾತು. 'ಕಿಟಕಿಯ ಬಳಿ ಕೂರುವ ಹಿರಿಯರು ನನ್ನ ತಪ್ಪುಗಳನ್ನು ಆಯಾ ದಿನವೇ ಹಿಡಿದು ಬೈದರು. ಮಿಕ್ಕ ಲೋಪಗಳನ್ನು ಸರಿಪಡಿಸಿದಲ್ಲಿ, ಮುಂದಿನ ಅತಿಥಿಗೆ ಈ ಕಚೇರಿಯನ್ನು ಶಿಫಾರಸು ಮಾಡುತ್ತೇನೆ.' ನಾನು ಚೀಲ ಬದಲಿಸಿದೆ, ವಾಕ್ಯ ಬದಲಿಸಿದೆ, ಆ ಹಿರಿಯರನ್ನೇ ಮನೆಗೆ ಕಳಿಸಿದೆ.

"ಮರುಪರಿಶೀಲನೆಗೆ ಅವಕಾಶ ಅದ," ಎಂದರು ಇಂದುಮತಿ. "ಹಾಜರಿ ಪುಸ್ತಕದಾಗ ಯಾರರೆ ರಜಾದ ಮ್ಯಾಲೆ ಇದ್ರ, ಅವರು ಬಂದು ಸಂಜಿ ಐದರೊಳಗ ಹನ್ನೊಂದು ದಿನದ ಲೆಕ್ಕ ನೋಡಬಹುದು. ತಪ್ಪು ಸಿಕ್ರ ಅವೂ ನಿಮ್ಮ ಆಫೀಸಿನ ಲೆಕ್ಕಕ್ಕ ಬರತಾವ."

ಗಂಟೆ ಹನ್ನೆರಡೂಕಾಲು. ತಡಕೋಡರ ಮನೆ ಅಲ್ಲೇ, ಧಾರವಾಡದ ಮಾಳಮಡ್ಡಿಯಲ್ಲಿ. ಆಟೊ ಹಿಡಿದು ಓಡಿದೆ.

ಬಾಗಿಲು ತೆಗೆದವರು ಅವರ ಹೆಂಡತಿ ಸಿಂಧೂಬಾಯಿ. ನನ್ನನ್ನು ಕಂಡು ಅವರ ಮುಖದಲ್ಲಿ ಎಂಥ ಸಮಾಧಾನ ಮೂಡಿತೆಂದರೆ, ನಾನೇನು ಕೇಳುವ ಮೊದಲೇ ಕೈ ಹಿಡಿದುಕೊಂಡರು.

"ಕರಕೊಂಡು ಹೋಗ್ರೀ ಇವರನ್ನ. ಹನ್ನೊಂದು ದಿನ ಆತು, ಹಾಲಿನವನ ಲೆಕ್ಕ ತಗದ್ರು, ಇಸ್ತ್ರಿಯವನ ಲೆಕ್ಕ ತಗದ್ರು, ಈಗ ನಾ ಒಂದು ಕಿಲೋ ಗೋಧಿಹಿಟ್ಟಿನಾಗ ಎಷ್ಟು ಚಪಾತಿ ಮಾಡ್ತೀನಿ ಅಂತ ಬರಕೊಳ್ಳಿಕ್ಕೆ ಹತ್ಯಾರ. ನಿನ್ನೆ ಎರಡು ಕಡಿಮಿ ಬಂದಾವಂತ."

ತಡಕೋಡರು ಒಳಗಿನ ಕುರ್ಚಿಯಲ್ಲಿ ಕುಳಿತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ನಗಲಿಲ್ಲ. ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಎರಡನೆಯ ಪುಟದ ಮಾತನ್ನೂ ಹೇಳಿದೆ.

"ಅಂದ್ರ ಅವು ಬೇಕಂತನ ತಪ್ಪು ಮಾಡ್ತಿದ್ವು," ಎಂದರು.

"ಹೌದ್ರಿ."

"ನಾ ಸುಮ್ಮನ ಬೈದೆ ಅವಕ್ಕ. ಪಾಪ." ಎಂದು ಅಂಗಿ ಹಾಕಿಕೊಳ್ಳಲು ಒಳಗೆ ಹೋದರು.

ಒಂದೂವರೆಗೆ ಕೇಂದ್ರದಲ್ಲಿ ಪೆನ್ಸಿಲ್ ಹಿಡಿದು ಕುಳಿತ ತಡಕೋಡರು ತಲೆ ಎತ್ತಲಿಲ್ಲ. ಇಂದುಮತಿಯವರು ತರಿಸಿದ ಚಹಾದ ಮೇಲೆ ಕೆನೆ ಕಟ್ಟಿತು. ಬೆಳಗಲಿಯವರ ಗೋದಾಮಿನ ಬಾಡಿಗೆ ಮೊದಲ ಸೊನ್ನೆಯೊಳಗೆ ಬಿತ್ತು. ಶಹನಾಜ್ ನನ್ನ ಕಡೆ ಒಂದು ನೋಟ ನೋಡಿದಳು, ನಾನು ಗೋಡೆ ನೋಡಿದೆ. ಎರಡನೆಯದು, ಮೂರನೆಯದು, ನಾಲ್ಕು ಗಂಟೆಗೆ ಒಂಬತ್ತನೆಯದು. ನಾಲ್ಕೂವರೆಗೆ ಹನ್ನೊಂದೂ ಆದವು. ಪರದೆಗಳನ್ನು ನೋಡುತ್ತಿದ್ದ ಕೇಂದ್ರದ ಸಿಬ್ಬಂದಿಯೆಲ್ಲ ನಮ್ಮ ಮೇಜಿನ ಸುತ್ತ ಸೇರಿದ್ದರು. ನಾನು ಉಸಿರು ಬಿಟ್ಟೆ. ಬೋರ್ಡು ಉಳಿಯಿತು ಎಂದುಕೊಂಡೆ.

ತಡಕೋಡರು ಪುಟ ತಿರುವಿದರು. "ಇನ್ನೊಂದದ," ಎಂದರು.

"ನಾನು ಮಾಡಿದ್ದು ಹನ್ನೊಂದೇ," ಎಂದಿತು ಸಾವಧಾನ.

"ನೀ ಮಾಡಿದ್ದಲ್ಲಪ್ಪಾ ಇದು." ಅವರು ಹಾಜರಿ ಪುಸ್ತಕವನ್ನು ನಡುವಿಗೆ ಸರಿಸಿ, ಒಂದು ಸಾಲಿನ ಸುತ್ತ ನಿಧಾನವಾಗಿ ಸೊನ್ನೆ ಹಾಕಿದರು. "ಸ್ವಂತ ಕೋರಿಕೆ ಅಂತ ಬರದದ. ನಾ ಕೋರಿಲ್ಲ."

ಇಂದುಮತಿಯವರು ನನ್ನ ಮುಖ ನೋಡಿದರು. "ಏನ್ರೀ ಮೇಡಮ್ ಇದು? ಅವರು ರಜಾ ಕೇಳಿದ್ರೋ ಇಲ್ಲೋ?"

ಸುಳ್ಳು ಹೇಳುವುದು ಸುಲಭವಿತ್ತು. ಬಾಯಿಮಾತಿನಲ್ಲಿ ಕೇಳಿದ್ದರು, ವಯಸ್ಸಾಯಿತು, ಮರೆತಿದ್ದಾರೆ ಎಂದರೆ ಮುಗಿಯುತ್ತಿತ್ತು. ಗೊತ್ತಿದ್ದವಳು ಶಹನಾಜ್ ಒಬ್ಬಳೇ, ಅವಳು ನನ್ನನ್ನು ಬಿಟ್ಟುಕೊಡುತ್ತಿರಲಿಲ್ಲ. ಮೊದಲಿಗೆ ನನಗೆ ಬಂದದ್ದು ಸಿಟ್ಟೇ. ದಡಕ್ಕೆ ಬಂದ ದೋಣಿಗೆ ತೂತು ಕೊರೆಯುತ್ತಾರಲ್ಲ ಈ ಮನುಷ್ಯ ಎಂದು. ತಡಕೋಡರು ನನ್ನ ಕಡೆ ನೋಡಲೇ ಇಲ್ಲ. ಆಫೀಸು ಮುಚ್ಚಿದರೆ ಅವರ ಕುರ್ಚಿಯೂ ಹೋಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಂಡ ತಪ್ಪನ್ನು ಬಿಟ್ಟು ಪುಟ ತಿರುವಲು ಅವರಿಂದ ಆಗಲಿಲ್ಲ. ನಾನು ಇಂಥವರನ್ನು ಬಚ್ಚಿಟ್ಟಿದ್ದೆ. ಕಣ್ಣೀರು ಬರುವಷ್ಟು ನಾಚಿಕೆಯಾಯಿತು.

ಲೆಕ್ಕದ ಪುಸ್ತಕದಲ್ಲಿ ತಪ್ಪನ್ನು ಕೆರೆದು ಅಳಿಸುವಂತಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ಇದನ್ನು ನನಗೆ ಕಲಿಸಿದವರೇ ತಡಕೋಡರು, ನಾನು ಕಾಲೇಜು ಮುಗಿಸಿ ಅಪ್ಪನ ಆಫೀಸಿಗೆ ಬಂದ ಮೊದಲ ವಾರ. ನಾನು ಪೆನ್ನು ತೆಗೆದು ಗೆರೆ ಎಳೆದೆ. 'ರಜೆ ಅಲ್ಲ. ಅತಿಥಿಯ ಕಣ್ಣಿಗೆ ಬೀಳಬಾರದೆಂದು ನಾನೇ ಇವರನ್ನು ಮನೆಗೆ ಕಳಿಸಿದೆ' ಎಂದು ಬರೆದು, ಸಹಿ ಹಾಕಿ, ತಾರೀಖು ಹಾಕಿದೆ.

ಇಂದುಮತಿಯವರು ಅದನ್ನು ಓದಿ ನಿಟ್ಟುಸಿರು ಬಿಟ್ಟರು. "ಷರತ್ತು ನಿಮಗ ಗೊತ್ತದ. ಇನ್ನ ಎದ್ದು ಹೋಗೋದು ಬಿಡೋದು ಅತಿಥಿಗೆ ಬಿಟ್ಟದ್ದು."

ಸಾವಧಾನದ ಕ್ಯಾಮೆರಾ ಪುಸ್ತಕದ ಮೇಲೆ ಬಾಗಿತು, ತಡಕೋಡರ ಕಡೆ ತಿರುಗಿತು, ನನ್ನ ಕಡೆ ತಿರುಗಿತು.

"ಯಜಮಾನರ ತಪ್ಪನ್ನು ಅವರ ಎದುರಿಗೇ ತೋರಿಸುವವರು ಇದ್ದಾರೆ," ಎಂದಿತು. "ಅದನ್ನು ತಿದ್ದಿ ಸಹಿ ಹಾಕುವ ಯಜಮಾನರೂ ಇದ್ದಾರೆ. ನನಗೆ ಬೇರೆ ಮನೆ ಬೇಡ. ಒಪ್ಪಿದ್ದೇನೆ."

ಶಹನಾಜ್ ಸಭಾಂಗಣದ ನಡುವೆಯೇ ನನ್ನನ್ನು ತಬ್ಬಿಕೊಂಡಳು. ಸಿಬ್ಬಂದಿ ಚಪ್ಪಾಳೆ ತಟ್ಟಿದರು. ಇಂದುಮತಿಯವರು ಮುದ್ರೆ ಹುಡುಕತೊಡಗಿದರು. ತಡಕೋಡರು ಮಾತ್ರ ಕುರ್ಚಿಯಿಂದ ಏಳಲಿಲ್ಲ.

"ಅದರ ಒಪ್ಪಿಗಿ ಆತು, ಅಕ್ಕಾರ," ಎಂದರು. "ನನ್ನದು ಯಾರೂ ಕೇಳಲಿಲ್ಲ."

ಚಪ್ಪಾಳೆ ನಿಂತಿತು. ನಾನು ಒಂದು ಕುರ್ಚಿ ಎಳೆದು ಅವರ ಎದುರು ಕುಳಿತೆ. ಅವರಿಂದ ಮಾಡಿಸಿದ ಕೆಲಸಗಳು ಲೆಕ್ಕವಿಲ್ಲದಷ್ಟು, ಆದರೆ ಇಷ್ಟು ವರ್ಷದಲ್ಲಿ ನಾನು ಅವರನ್ನು ಏನನ್ನೂ ಕೇಳಿರಲಿಲ್ಲ.

"ನಾ ಮಾಡಿದ್ದು ತಪ್ಪಾತ್ರಿ ವಾಮನರಾವ್," ಎಂದೆ. "ಹೊಳ್ಳಿ ಬರತೀರೇನು?"

ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಬರ್ತೀನಿ. ಆದ್ರ ಹಾಜರಿ ಪುಸ್ತಕ ಇನ್ನು ಮ್ಯಾಲೆ ನನ್ನ ಕಡೆ ಇರ್ತದ."

"ಇರಲಿ."

"ಎಲ್ಲಾರದೂ."

"ಎಲ್ಲಾರದೂ ಇರಲ್ರಿ," ಎಂದೆ.

ಮರುದಿನ ಬೆಳಿಗ್ಗೆ ಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕು ನಾನು ಆಫೀಸು ಮುಟ್ಟಿದಾಗ ಹತ್ತು ಗಂಟೆ ಏಳು ನಿಮಿಷ. ತಡಕೋಡರು ಎದ್ದು ನಿಂತು ನಮಸ್ಕಾರ ಮಾಡಿದರು, ಕುಳಿತರು, ಬರೆದುಕೊಂಡರು.